ತರಬೇತಿ ಶಾಲೆಯ ಕಾಯಂ ಕಳ್ಳ

ಪೊಲೀಸ್ ತರಬೇತಿ ಶಾಲೆಯ ಸಿಬ್ಬಂದಿ ಪಟ್ಟಿಯಲ್ಲಿ ಅವನ ಹುದ್ದೆ ತೋಟಗಾರ ಎಂದಿದೆ. ಧ್ವಜಸ್ತಂಭದ ಸುತ್ತಲಿನ ಹುಲ್ಲು, ಮೈದಾನದ ಅಂಚಿನ ಬೇಲಿಗಿಡ, ಪ್ರಾಂಶುಪಾಲರ ಕಿಟಕಿಯ ಕೆಳಗಿನ ಆರು ಗುಲಾಬಿ ಕುಂಡ, ಇಷ್ಟೂ ಅವನ ಸುಪರ್ದಿ. ಆದರೆ ಆ ಆವರಣದೊಳಗೆ ಹೋಗಿ ‘ತೋಟಗಾರ ಎಲ್ಲಿ?’ ಎಂದು ಕೇಳಿ ನೋಡಿ. ಕೇಳಿಸಿಕೊಂಡವರು ತಲೆ ಕೆರೆದುಕೊಂಡು, ‘ಓ, ನಮ್ಮ ಆರೋಪಿನಾ?’ ಅನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅವನಿಗೆ ಅದೇ ಹೆಸರು. ಹೊಸದಾಗಿ ಬಂದ ಪ್ರಾಂಶುಪಾಲರೊಬ್ಬರು ಮೊದಲ ದಿನವೇ, ‘ಸಾರ್, ಆರೋಪಿ ಎರಡು ದಿನ ರಜೆ ಹಾಕಿದಾನೆ’ ಎಂದು ಗುಮಾಸ್ತ ಹೇಳಿದ್ದನ್ನು ಕೇಳಿ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದರಂತೆ.

ಇದಕ್ಕೆಲ್ಲ ಮೂಲ ಕಾನೂನು ಮೇಷ್ಟ್ರು. ಕಾನೂನಿಗೇ ತನ್ನ ಬಗ್ಗೆ ಸಂಶಯ ಬಂದರೆ ಅದು ತಮ್ಮನ್ನು ಕೇಳಿಕೊಂಡು ಹೋಗಬೇಕು ಎನ್ನುವಷ್ಟು ಆತ್ಮವಿಶ್ವಾಸದ ಮನುಷ್ಯ. ಅವರು ಹೊಸದಾಗಿ ಸೇರಿದ ಕಾಲಕ್ಕೆ ಕಳ್ಳತನದ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ನಾಲ್ಕು ಮಂದಿ ಗೊರಕೆ ಹೊಡೆಯುತ್ತಿದ್ದುದು ಕಂಡಿತು. ಪುಸ್ತಕದಲ್ಲಿರುವ ಕಳ್ಳನಿಗೆ ಕೈಕಾಲು ಇರುವುದಿಲ್ಲ, ಅದಕ್ಕೇ ಇವರಿಗೆ ನಿದ್ದೆ ಎಂದು ಅವರಿಗೆ ಹೊಳೆಯಿತು. ಕಿಟಕಿಯಾಚೆ ಬೇಲಿ ಕತ್ತರಿಸುತ್ತಿದ್ದವನನ್ನು ಕರೆದರು.

‘ಬಾರಯ್ಯ ಇಲ್ಲಿ. ಮೇಜಿನ ಮೇಲಿರೋ ನನ್ನ ಕೈಗಡಿಯಾರ ಕದಿ.’

ಅವನು ಮಣ್ಣು ಕೈಯನ್ನು ಅಂಗಿಗೆ ಒರೆಸಿಕೊಂಡು ಒಳಗೆ ಬಂದ. ಗಡಿಯಾರ ನೋಡಿದ. ಮೇಷ್ಟ್ರನ್ನು ನೋಡಿದ.

‘ತಗೊಳ್ಲಾ ಸಾರ್?’

‘ಕೇಳಬಾರದು ಕಣಯ್ಯ! ಕೇಳಿ ತಗೊಂಡ್ರೆ ಅದು ಕಳ್ಳತನ ಹೇಗಾಗುತ್ತೆ? ನನ್ನ ಒಪ್ಪಿಗೆ ಇಲ್ಲದೆ ತಗೋಬೇಕು.’

‘ಒಪ್ಪಿಗೆ ಇಲ್ಲದೆ ತಗೋ ಅಂತ ನೀವೇ ಒಪ್ಪಿಗೆ ಕೊಡ್ತಿದೀರಲ್ಲ ಸಾರ್.’

ಗೊರಕೆ ಹೊಡೆಯುತ್ತಿದ್ದ ನಾಲ್ವರೂ ಎದ್ದು ನಕ್ಕರು. ಮೇಷ್ಟ್ರು ಐದು ನಿಮಿಷ ಯೋಚಿಸಿದರು. ಆಮೇಲೆ, ‘ನಾಳೆ ಬಾ. ಯಾವಾಗ ಅಂತ ಹೇಳಬೇಡ’ ಎಂದರು. ಮರುದಿನ ಪಾಠದ ಮಧ್ಯೆ ಬಾಗಿಲು ದಢಾರನೆ ತೆರೆದುಕೊಂಡಿತು, ಏನೋ ಒಂದು ಸುಳಿದು ಹೋದಂತಾಯಿತು, ಗಡಿಯಾರ ಇರಲಿಲ್ಲ. ‘ಬರೀರಿ!’ ಎಂದು ಮೇಷ್ಟ್ರು ಕೂಗಿದರು. ‘ಏನು ನೋಡಿದ್ರೋ ಅದನ್ನಷ್ಟೇ ಬರೀರಿ. ಎತ್ತರ, ಅಂಗಿ, ವಯಸ್ಸು, ಯಾವ ಕೈ.’ ಮೂವತ್ತೆಂಟು ಮಂದಿ ಬರೆದ ಮೂವತ್ತೆಂಟು ಕಳ್ಳರು ಆ ದಿನ ಆ ಕೊಠಡಿಯಿಂದ ಓಡಿಹೋಗಿದ್ದರು. ಅವರಲ್ಲಿ ಇಬ್ಬರಿಗೆ ಗಡ್ಡವಿತ್ತು, ಒಬ್ಬನ ಕೈಯಲ್ಲಿ ಚಾಕು ಇತ್ತು, ಒಬ್ಬಳು ಹೆಂಗಸು.

ಅಂದಿನಿಂದ ಅವನ ನಿಜವಾದ ವೃತ್ತಿ ಶುರುವಾಯಿತು. ಬೆಳಗ್ಗೆ ಗಿಡಗಳಿಗೆ ನೀರು, ಹನ್ನೊಂದಕ್ಕೆ ಕಳ್ಳತನ. ಬುಧವಾರ ಸುಲಿಗೆ, ಅಂದರೆ ಹೆದರಿಸಿ ಅವರ ಕೈಯಿಂದಲೇ ಕೊಡಿಸಿಕೊಳ್ಳುವುದು. ಶುಕ್ರವಾರ ವಂಚನೆ. ತಿಂಗಳಿಗೊಮ್ಮೆ ಅತಿಕ್ರಮ ಪ್ರವೇಶ. ಅದಕ್ಕಾಗಿ ಹುಡುಗರ ವಸತಿಗೃಹದ ಹಿಂಬಾಗಿಲಿನ ಚಿಲಕವನ್ನು ಸಡಿಲವಾಗಿಯೇ ಬಿಟ್ಟಿದ್ದರು. ಕೊಲೆ ಮಾತ್ರ ಅಡುಗೆಭಟ್ಟನ ಪಾಲಿಗೆ ಹೋಯಿತು, ಚಾಕು ಅವನದಾಗಿದ್ದರಿಂದ. ಅದೊಂದು ನಮ್ಮ ಆರೋಪಿಯ ಮನಸ್ಸಿನಲ್ಲಿ ಉಳಿದುಬಿಟ್ಟ ಮುಳ್ಳು.

‘ಕೊಲೆ ಏನು ಮಹಾ?’ ಎನ್ನುತ್ತಿದ್ದ. ‘ಒಬ್ಬ ಬಿದ್ದ, ಇನ್ನೊಬ್ಬ ನಿಂತ, ಮುಗೀತು. ಧೈರ್ಯ ಇದ್ರೆ ನಂಬಿಕೆ ದ್ರೋಹ ಮಾಡಿ ತೋರಿಸ್ಲಿ. ಮೊದಲು ಒಬ್ಬ ನಂಬಬೇಕು, ಆಮೇಲೆ ವಸ್ತು ಕೈಗೆ ಬರಬೇಕು, ಆಮೇಲೆ ಮನಸ್ಸು ಕೆಡಬೇಕು. ಅದೂ ಇದೇ ವರಸೆಯಲ್ಲಿ! ಮನಸ್ಸು ಮೊದಲೇ ಕೆಟ್ಟಿದ್ರೆ ಅದು ವಂಚನೆ ಆಗಿಹೋಗುತ್ತೆ. ಅಡುಗೆಯವನಿಗೆ ಆ ಸೂಕ್ಷ್ಮ ಎಲ್ಲಿ ಬರಬೇಕು?’

ಕಲೆಗಾರನಿಗೆ ಇರಬೇಕಾದ ಶ್ರದ್ಧೆ ಅವನಲ್ಲಿತ್ತು. ಕಲೆಗಾರನಿಗೆ ಇರಬಾರದ ಜಂಬವೂ ಇತ್ತು. ಮೇಜಿನ ಮೇಲಿನ ಪೆನ್ನನ್ನು ಒಂದು ಅಂಗುಲ ಸರಿಸಿ ಬಿಟ್ಟು ಹೋಗುತ್ತಿದ್ದ. ‘ಇದು ಕಳ್ಳತನಾನಾ, ಬರೀ ಯತ್ನಾನಾ?’ ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಹುಡುಗರು ‘ಯತ್ನ, ಯತ್ನ’ ಎಂದು ಕೂಗುತ್ತಿದ್ದರು. ‘ಅಯ್ಯೋ ಮಂಕುಗಳಾ, ಕೆಟ್ಟ ಮನಸ್ಸಿಂದ ಕದಲಿಸಿದ್ರೆ ಅಲ್ಲಿಗೇ ಕಳ್ಳತನ ಪೂರ್ತಿ! ಮನೆಗೆ ಹೊತ್ಕೊಂಡು ಹೋಗಲೇಬೇಕು ಅಂತ ಎಲ್ಲಿದೆ?’ ಎಂದು ನಗುತ್ತಿದ್ದ. ಊಟದ ಸಾಲಿನಲ್ಲಿ ನಿಂತ ಹುಡುಗರನ್ನು ಹೆಕ್ಕಿ ಹೆಕ್ಕಿ ಕಾಡುತ್ತಿದ್ದ. ‘ಏನಪ್ಪಾ, ನನ್ನ ಅಂಗಿ ಹಸಿರು ಅಂತ ಬರೆದಿದ್ಯಂತೆ? ಕಣ್ಣು ಊರಲ್ಲೇ ಬಿಟ್ಟು ಬಂದಿದೀಯಾ?’

ಅವನ ಹೆಂಡತಿ ಅದೇ ಶಾಲೆಯ ಹೊಲಿಗೆ ಕೋಣೆಯಲ್ಲಿ ಸಮವಸ್ತ್ರಗಳಿಗೆ ಗುಂಡಿ ಹೊಲಿಯುವವಳು. ಅವಳಿಗೆ ಈ ಖ್ಯಾತಿ ಯಾವತ್ತೂ ರುಚಿಸಲಿಲ್ಲ. ‘ರೀ, ಇನ್ನು ಮೂರು ತಿಂಗಳಿಗೆ ನಿವೃತ್ತಿ. ಆ ದಿನ ಶಾಲು ಹೊದಿಸಿ ಏನಂತ ಭಾಷಣ ಮಾಡ್ತಾರೆ? ಇವರು ನಿಷ್ಠೆಯಿಂದ ಕದ್ದರು ಅಂತಾನಾ?’ ಎಂದು ಸೂಜಿಗೆ ದಾರ ಪೋಣಿಸುತ್ತ ಕೇಳುತ್ತಿದ್ದಳು.

‘ನಿಂಗೇನು ಗೊತ್ತು? ಇವತ್ತು ಇಷ್ಟು ಠಾಣೆಗಳಲ್ಲಿ ಟೋಪಿ ಹಾಕ್ಕೊಂಡು ಕೂತಿರೋರೆಲ್ಲ ನನ್ನ ಕೈಯಲ್ಲೇ ಕಲಿತೋರು. ಎಲ್ಲಿ ಹೋದ್ರೂ ನನ್ನ ಮುಖ ಗುರುತು ಹಿಡೀತಾರೆ.’

ಗುರುತು ಹಿಡಿದರು.

ಅದೊಂದು ಶನಿವಾರ, ಪಾಠವಿಲ್ಲದ ದಿನ, ಬೆಳಗ್ಗೆ ಹನ್ನೊಂದರ ಹೊತ್ತು. ಬೇಲಿ ಕತ್ತರಿ ಮೊಂಡಾಗಿದ್ದರಿಂದ ಹೊಸದೊಂದನ್ನು ನೋಡೋಣವೆಂದು, ಮಾದರಿಗೆ ಹಳೆಯದನ್ನೇ ಚೀಲದಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಪಕ್ಕದ ಮಾರುಕಟ್ಟೆಗೆ ಹೋಗಿದ್ದ. ಕಬ್ಬಿಣದ ಅಂಗಡಿಯೊಳಗೆ ಕಾಲಿಡುವುದರೊಳಗೆ ಅವನ ಕಣ್ಣೆದುರೇ ಒಬ್ಬ ನರ್ಸಮ್ಮನ ಕೈಚೀಲವನ್ನು ಯಾರೋ ಕಿತ್ತುಕೊಂಡು, ಬಸ್ ನಿಲ್ದಾಣದ ಸೊಂಟದೆತ್ತರದ ಕಂಬಿ ಬೇಲಿಯನ್ನು ಹಾರಿ ಮಾಯವಾದ. ಆಕೆ ಮುಗ್ಗರಿಸಿ ಬಿದ್ದು ಮೊಣಕೈ ತರಚಿಕೊಂಡಳು. ಜನ ಸೇರಿದರು. ‘ಹಿಡೀರಿ ಹಿಡೀರಿ’ ಎಂದು, ಯಾರೂ ಹಿಡಿಯಲು ಹೋಗದೆ, ಎಲ್ಲರೂ ಕೂಗಿದರು.

ಬೇರೆ ಯಾರಾದರೂ ಆಗಿದ್ದರೆ ‘ಪಾಪ’ ಎಂದು ಅಂಗಡಿಯೊಳಗೆ ಹೋಗುತ್ತಿದ್ದರು. ಇವನಿಗೆ ಆ ಕೆಲಸ ನೋಡಿ ಹೊಟ್ಟೆ ಉರಿದುಹೋಯಿತು.

‘ಥೂ, ಏನು ಗಲೀಜು ಕೆಲಸ!’ ಎಂದು ಗುಂಪಿನ ನಡುವೆ ನಿಂತು ಹೇಳತೊಡಗಿದ. ‘ಚೀಲ ಎಡಗಡೆ ನೇತಾಡ್ತಿದೆ, ಇವನು ಬಲಗೈ ಹಾಕಿ ಅಡ್ಡಕ್ಕೆ ಎಳೀತಾನೆ. ಅದಕ್ಕೇ ಆಯಮ್ಮ ಬಿದ್ದಿದ್ದು. ಹಿಂದಿನಿಂದ ಬಂದು, ಪಟ್ಟಿ ಮೇಲಕ್ಕೆತ್ತಿ ಜಾರಿಸಿದ್ರೆ ಅವಳಿಗೆ ಹತ್ತು ಹೆಜ್ಜೆ ನಡೆಯೋವರೆಗೆ ಗೊತ್ತೇ ಆಗ್ತಿರಲಿಲ್ಲ. ನೋಡಿ, ಹೀಗೆ.’ ಎಂದವನು ಪಕ್ಕದಲ್ಲಿ ನಿಂತಿದ್ದ ದಪ್ಪ ಮನುಷ್ಯನ ಹೆಗಲಿನ ಚೀಲವನ್ನು ಜಾರಿಸಿ ತೋರಿಸಿದ. ನಿಜಕ್ಕೂ ಆ ಮನುಷ್ಯನಿಗೆ ಗೊತ್ತೇ ಆಗಲಿಲ್ಲ.

ಅಷ್ಟರಲ್ಲಿ ಅಲ್ಲಿಗೆ ಬಂದ ಯುವ ಸಬ್ ಇನ್ಸ್‌ಪೆಕ್ಟರ್‌ಗೆ ಗೊತ್ತಾಯಿತು. ಕೈಯಲ್ಲಿ ಬೇರೆಯವರ ಚೀಲ. ಮುಖ ಎಲ್ಲೋ ಖಂಡಿತವಾಗಿ ನೋಡಿದ ಮುಖ.

‘ನಿನ್ನ ಎಲ್ಲೋ ನೋಡಿದೀನಿ.’

ಆರೋಪಿಯ ಮುಖ ಅರಳಿತು. ‘ನೋಡೇ ಇರ್ತೀರಿ ಸಾರ್! ನಾನು ಕದ್ದಿದ್ದನ್ನ ನೀವೇ ಕಣ್ಣಾರೆ ನೋಡಿ ಬರ್ಕೊಂಡಿದೀರಿ.’

‘ಎಷ್ಟು ಸಲ ಕದ್ದಿದೀಯ?’

‘ವಾರಕ್ಕೆ ಮೂರು. ಪರೀಕ್ಷೆ ಹತ್ರ ಬಂದ್ರೆ ದಿನಾ.’

ದಪ್ಪ ಮನುಷ್ಯ ತನ್ನ ಚೀಲ ಕಿತ್ತುಕೊಂಡು ಬಸ್ಸಿಗೆ ಓಡಿದ. ಜೀಪು ಬಂತು.

ಠಾಣೆಯಲ್ಲಿ ಅವನ ಚೀಲ ಬಿಚ್ಚಿದಾಗ ಒಂದೂವರೆ ಅಡಿ ಉದ್ದದ ಕತ್ತರಿ, ಒಂದು ಸುತ್ತು ಹಗ್ಗ, ಒಂದು ಜೊತೆ ಕೈಗವಸು ಸಿಕ್ಕವು. ತೋಟಗಾರನ ಚೀಲದಲ್ಲಿ ಇನ್ನೇನು ಸಿಗಬೇಕು ಎಂದು ನೀವು ಕೇಳಬಹುದು. ಆದರೆ ಅದೇ ಮೂರು ವಸ್ತು ಠಾಣೆಯ ಮೇಜಿನ ಮೇಲೆ ಸಾಲಾಗಿ ಮಲಗಿದ್ದಾಗ ಅವಕ್ಕೆ ಬೇರೆಯೇ ಮುಖ ಬಂದುಬಿಡುತ್ತದೆ. ನರ್ಸಮ್ಮನ ಕೈಚೀಲ ಮಾತ್ರ ಅದರಲ್ಲಿರಲಿಲ್ಲ. ‘ಜೊತೆಯವನಿಗೆ ದಾಟಿಸಿದಾನೆ’ ಎಂದು ಬರವಣಿಗೆ ಕೆಲಸದ ಪೊಲೀಸಪ್ಪ, ಅಂದರೆ ಠಾಣೆಯ ರೈಟರು, ಸಮಸ್ಯೆಯನ್ನು ಅಲ್ಲಿಗೇ ಬಗೆಹರಿಸಿದ. ನರ್ಸಮ್ಮನನ್ನು ಕೇಳಿದರೆ, ‘ಬೆನ್ನು ಕಂಡೆನಪ್ಪ, ಮುಖ ಕಾಣಲಿಲ್ಲ’ ಎಂದು ಮೊಣಕೈಗೆ ತಾನೇ ಪಟ್ಟಿ ಕಟ್ಟಿಕೊಂಡು ಪಾಳಿಗೆ ಹೊತ್ತಾಯಿತೆಂದು ಹೋಗಿಬಿಟ್ಟಿದ್ದಳು.

‘ಸಾರ್, ನಾನು ತರಬೇತಿ ಶಾಲೆಯ ಆರೋಪಿ’ ಎಂದ ಇವನು.

‘ಅಲ್ಲೂ ಕದ್ದಿದೀಯಾ?’

‘ಅಲ್ಲೇ ಸಾರ್ ಕದಿಯೋದು! ಪಾಠಕ್ಕೋಸ್ಕರ. ಕಾನೂನು ಮೇಷ್ಟ್ರ ಕ್ಲಾಸಲ್ಲಿ. ಕೆಲಸ ತೋಟಗಾರಂದು, ಇನ್ನು ಮೂರು ತಿಂಗಳಿಗೆ ನಿವೃತ್ತಿ. ನೀವು ನಾಲ್ಕು ವರ್ಷದ ಹಿಂದಿನ ಬ್ಯಾಚು ಅಲ್ವಾ?’

ಸಬ್ ಇನ್ಸ್‌ಪೆಕ್ಟರ್ ಕಣ್ಣು ಕಿರಿದಾಗಿಸಿ ಅವನನ್ನು ಮೇಲಿಂದ ಕೆಳಗೆ ಅಳೆದರು. ‘ಕ್ಲಾಸಿಗೆ ಬರ್ತಿದ್ದ ಕಳ್ಳ ನನಗೆ ಚೆನ್ನಾಗಿ ನೆನಪಿದಾನೆ. ಆರಡಿ ಆಳು. ಗಡ್ಡ ಇತ್ತು. ನೀನಲ್ಲ.’

‘ಗಡ್ಡ ಎಲ್ಲಿತ್ತು ಸಾರ್, ದೇವರಾಣೆಗೂ ನಂಗೆ ಗಡ್ಡ ಬರೋದೇ ಇಲ್ಲ!’

ಹೊರಗಿನ ಮೇಜಿನಿಂದ ರೈಟರು ತಲೆಯೆತ್ತಿದ. ‘ನಮ್ಮ ಬ್ಯಾಚಿಗೆ ಇಬ್ಬರು ಬರ್ತಿದ್ರು ಸಾರ್. ಅಣ್ಣತಮ್ಮ.’ ಬಾಗಿಲ ಬಳಿಯ ಪೇದೆಗೂ ನೆನಪಾಯಿತು: ‘ನಮಗೆ ಹೆಂಗಸು. ಹಸಿರು ಸೀರೆ.’ ಮೂವರೂ ಒಬ್ಬರನ್ನೊಬ್ಬರು ಕನಿಕರದಿಂದ ನೋಡಿಕೊಂಡರು. ಇಂಥವರನ್ನೂ ಇಲಾಖೆಗೆ ತೆಗೆದುಕೊಂಡರಲ್ಲ ಎನ್ನುವ ಹಾಗೆ.

ಇಲ್ಲಿಗೆ ಅವನು ಬಾಯಿ ಮುಚ್ಚಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದನೇನೋ. ಆದರೆ ರೈಟರು ‘ಕಳ್ಳತನ’ ಎಂದು ಬರೆಯುವುದು ಅವನ ಕಣ್ಣಿಗೆ ಬಿತ್ತು.

‘ಹಾಗೆ ಬರೀಬೇಡಿ ಸಾರ್. ಆಯಮ್ಮನ ಮೊಣಕೈ ತರಚಿದೆಯಲ್ಲ? ಕದಿಯೋ ಸಲುವಾಗೇ ಪೆಟ್ಟು ಮಾಡಿದ್ರೆ ಅದು ಕಳ್ಳತನ ಅಲ್ಲ, ದರೋಡೆ. ಕಳ್ಳತನ ಅಂತ ಕಳಿಸಿದ್ರೆ ಕೋರ್ಟಲ್ಲಿ ನಿಮ್ಮ ಮಾನ ಹೋಗುತ್ತೆ.’

ರೈಟರು ಸಬ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ತಲೆಯಾಡಿಸಿದರು. ರೈಟರು ಹೊಡೆದುಹಾಕಿ ‘ದರೋಡೆ’ ಎಂದು ಬರೆದ. ಹೀಗೆ ತನ್ನ ಮೇಲೆ ಬೀಳಬಹುದಾದ ಶಿಕ್ಷೆಯನ್ನು ಮೂರು ವರ್ಷದಿಂದ ಹತ್ತು ವರ್ಷಕ್ಕೆ ತಾನೇ ಏರಿಸಿಕೊಂಡು ಅವನು ತೃಪ್ತಿಯಿಂದ ಬೆಂಚಿಗೆ ಒರಗಿದ.

‘ಇಷ್ಟು ಕಾನೂನು ತಿಳಿದೋನು ಸಾಮಾನ್ಯ ಕಳ್ಳ ಅಲ್ಲ’ ಎಂದರು ಸಬ್ ಇನ್ಸ್‌ಪೆಕ್ಟರ್. ‘ಸರಿ, ನೀನಲ್ಲ ಅನ್ನೋದಾದ್ರೆ ಕದ್ದೋನನ್ನ ನೋಡಿದೀಯ ಅಲ್ವಾ? ಹೇಳು.’

‘ನೋಡಿದೀನಿ ಸಾರ್! ಬಲಗೈ. ಹೆಬ್ಬೆರಳಿನ ಉಗುರು ಉದ್ದ. ಪಟ್ಟಿ ಒಳಗೆ ಎರಡು ಬೆರಳು ತೂರಿಸಿ ಒಂದು ಸುತ್ತು ತಿರುಚಿದ. ಮಣಿಕಟ್ಟು ಬಿಗಿ. ಅಭ್ಯಾಸ ಸಾಲದು, ಆದ್ರೆ ಧೈರ್ಯ ಇದೆ.’

‘ಮುಖ?’

ಅವನು ಗಾಳಿಯಲ್ಲಿ ಎರಡು ಬೆರಳು ತೂರಿಸಿ ಆ ತಿರುಚನ್ನೇ ಮತ್ತೊಮ್ಮೆ ಮಾಡಿ ತೋರಿಸಿದ.

‘ಎತ್ತರ? ಅಂಗಿ ಯಾವ ಬಣ್ಣ?’

ಇಪ್ಪತ್ತೆರಡು ವರ್ಷ ಹುಡುಗರನ್ನು ಇದೇ ಪ್ರಶ್ನೆ ಕೇಳಿ ಅಳಿಸಿದವನು ಕಿಟಕಿಯ ಕಡೆ ನೋಡಿದ. ‘ಅದು... ನಾನು ಕೈಕೆಲಸ ನೋಡ್ತಿದ್ದೆ ಸಾರ್.’

‘ಕಳ್ಳನ ಕೈ ಒಂದನ್ನೇ ಇಷ್ಟು ಚೆನ್ನಾಗಿ ಬಲ್ಲೋರು ಯಾರು? ಆ ಕೈ ಇರೋನೇ’ ಎಂದರು ಸಬ್ ಇನ್ಸ್‌ಪೆಕ್ಟರ್. ತರ್ಕದಲ್ಲಿ ದೋಷವಿರಲಿಲ್ಲ. ‘ದರೋಡೆ ಕೇಸು ದಾಖಲಾದ್ರೆ ಸಂಜೆಯೊಳಗೆ ನಿನ್ನ ಇಲಾಖೆಗೆ ಕಾಗದ ಹೋಗುತ್ತೆ. ಅಮಾನತು. ನಿವೃತ್ತಿ ಯಾವಾಗ ಅಂದೆ?’

ಆಗ ಮೊದಲ ಬಾರಿಗೆ ಅವನಿಗೆ, ಇದು ಹನ್ನೊಂದೂಮುಕ್ಕಾಲಿಗೆ ಗಂಟೆ ಹೊಡೆದರೆ ಮುಗಿಯುವ ತರಗತಿ ಅಲ್ಲವೆಂದು ಹೊಳೆಯಿತು. ಅಮಾನತಿನಲ್ಲೇ ನಿವೃತ್ತನಾದರೆ ಪಿಂಚಣಿ ನಿಲ್ಲುತ್ತದೆ, ಕ್ವಾರ್ಟರ್ಸು ಬಿಡಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಆ ಹೆಸರು, ತಮಾಷೆಗೆ ಹೊತ್ತುಕೊಂಡ ಹೆಸರು, ಕಾಗದದ ಮೇಲೆ ಕೂತುಬಿಡುತ್ತದೆ. ‘ಮೇಷ್ಟ್ರಿಗೆ ಒಂದು ಫೋನ್ ಮಾಡಿ ಸಾರ್. ನಮ್ಮವಳಿಗೂ’ ಎಂದ.

ಇಬ್ಬರೂ ಒಂದೇ ಆಟೋದಲ್ಲಿ ಬಂದಿಳಿದರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಅವಳು ಸೂಜಿ ಚುಚ್ಚಿಕೊಂಡ ಸೆರಗಿನಲ್ಲಿ. ಹಳೆಯ ಗುರುಗಳನ್ನು ಕಂಡು ಸಬ್ ಇನ್ಸ್‌ಪೆಕ್ಟರ್ ಎದ್ದು ಸೆಲ್ಯೂಟ್ ಹೊಡೆದರು. ಮೇಷ್ಟ್ರು ಕುಳಿತು, ಗಂಟಲು ಸರಿಮಾಡಿಕೊಂಡು, ‘ಇವನು ನಮ್ಮ ಕಳ್ಳ. ಇದು ನನ್ನ ಮೌಖಿಕ ಸಾಕ್ಷ್ಯ. ಬಿಟ್ಟುಬಿಡಿ’ ಎಂದರು.

‘ಸಾರ್, ಇವನು ನಿಮ್ಮಲ್ಲಿ ಕಳ್ಳನ ಪಾತ್ರ ಮಾಡ್ತಿದ್ದ ಅನ್ನೋದಕ್ಕೆ ದಾಖಲೆ ಏನಾದ್ರೂ?’

ದಾಖಲೆ ಇರಲಿಲ್ಲ. ಕಳ್ಳನ ಹುದ್ದೆ ಮಂಜೂರಾಗಿರಲಿಲ್ಲವಾದ್ದರಿಂದ ಇಪ್ಪತ್ತೆರಡು ವರ್ಷದ ಅಷ್ಟೂ ಅಪರಾಧಗಳು ದಿನಚರಿ ಪುಸ್ತಕದಲ್ಲಿ ‘ಗಿಡಗಳಿಗೆ ನೀರು ಹಾಯಿಸಲಾಯಿತು’ ಎಂದೇ ನಮೂದಾಗಿದ್ದವು.

‘ಹನ್ನೊಂದು ಗಂಟೆಗೆ ಇವನು ಎಲ್ಲಿದ್ದ ಅಂತ ನೀವು ನೋಡಿದೀರಾ ಸಾರ್?’

‘ನೋಡಿಲ್ಲ. ಮಾರುಕಟ್ಟೆಗೆ ಹೋಗ್ತೀನಿ ಅಂತ ಇವನು ಅವಳಿಗೆ ಹೇಳಿದ್ದು, ಅವಳು ನನಗೆ ಈಗ ಆಟೋದಲ್ಲಿ ಹೇಳಿದ್ದು.’

‘ಹಾಗಾದ್ರೆ ಅದು ಬರೀ ಕೇಳಿದ ಮಾತು. ಸ್ವತಃ ಕಂಡವರು ಬಂದು ಹೇಳಬೇಕು. ಕ್ಷಮಿಸಿ ಸಾರ್, ನೀವೇ ಕಲಿಸಿದ್ದು.’

ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ‘ಭೇಷ್! ಪರೀಕ್ಷೇಲಿ ಈ ಪ್ರಶ್ನೆಗೆ ನೀನು ತಪ್ಪು ಉತ್ತರ ಬರೆದಿದ್ದೆ. ಈಗ ನೋಡು!’ ಎಂದು ಆರೋಪಿಯ ಕಡೆ ತಿರುಗಿ, ‘ಕೇಳಿದ್ಯೇನಯ್ಯ? ನಮ್ಮ ಹುಡುಗ ಎಷ್ಟು ಸರಿಯಾಗಿ ಹೇಳಿದ!’ ಎಂದರು.

‘ಸರಿಯಾಗೇ ಹೇಳಿದ್ರು ಸಾರ್’ ಎಂದ ಅವನು, ಸಣ್ಣ ದನಿಯಲ್ಲಿ, ಹೆಮ್ಮೆಯನ್ನು ಪೂರ್ತಿ ಬಿಡಲಾರದೆ.

ಇಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಹೆಂಡತಿ ಮುಂದೆ ಬಂದಳು. ‘ನಿಮ್ಮ ಪಾಠ ಮುಗೀತಾ? ನಾನೊಂದು ಕೇಳ್ತೀನಿ ಸಾಹೇಬ್ರೇ. ಆ ಕಳ್ಳ ಹೋಗಿದ್ದು ಹೇಗೆ?’

‘ಕಂಬಿ ಬೇಲಿ ಹಾರಿ ಹೋದ ಅಂತ ಹತ್ತು ಜನ ಹೇಳ್ತಾರಮ್ಮ. ಅದೊಂದರಲ್ಲಿ ಎಲ್ಲರ ಮಾತೂ ಒಂದೇ. ಆಮೇಲೆ ಚೀಲ ದಾಟಿಸಿ, ಸುತ್ತು ಹಾಕ್ಕೊಂಡು ವಾಪಸ್ ಬಂದಿದಾನೆ.’

ಅವಳು ನಕ್ಕಳು. ಆ ಠಾಣೆಯಲ್ಲಿ ಬೆಳಗ್ಗೆಯಿಂದ ಯಾರೂ ಅಷ್ಟು ಬಾಯಿತುಂಬ ನಕ್ಕಿರಲಿಲ್ಲ. ‘ಬೇಲಿ ಹಾರಿ! ಇವರು! ಸ್ವಾಮಿ, ಮೂರು ವರ್ಷದಿಂದ ಇವರ ಎರಡು ಮಂಡೀನೂ ಹೋಗಿವೆ. ಗಿಡದ ಬುಡ ಕೆದಕೋಕೆ ಕೂತ್ರೆ ಏಳೋಕೆ ಅದೇ ಗಿಡ ಹಿಡ್ಕೋಬೇಕು. ಈಗ ಮೂರು ಗುಲಾಬಿ ಹಾಗೇ ಕಿತ್ತುಬಂದಿವೆ. ರಾತ್ರಿ ಎಣ್ಣೆ ಹಚ್ಚೋಳು ನಾನು, ನಂಗೊತ್ತಿಲ್ವಾ? ಕ್ಲಾಸಲ್ಲೂ ಈಗ ಓಡೋ ಕಳ್ಳತನ ಬಿಟ್ಟಿದಾರೆ. ಬರೀ ಕೂತ್ಕೊಂಡು ಮಾಡೋ ವಂಚನೆ.’

‘ಏಯ್, ಸುಮ್ನಿರ್ತೀಯಾ!’ ಆರೋಪಿ ಎದ್ದುಬಿಟ್ಟ. ಏಳುವಾಗ ಬೆಂಚಿನ ತುದಿಯನ್ನು ಹಿಡಿದುಕೊಂಡಿದ್ದ. ‘ಸುಳ್ಳು ಸಾರ್. ವಂಚನೆ ನಾನಾಗಿ ಇಷ್ಟಪಟ್ಟು ತಗೊಂಡಿದ್ದು. ಅದು ಮೇಲ್ದರ್ಜೆ ಕೆಲಸ.’

‘ಹೌದಾ ಸಾರ್?’ ಎಂದು ಸಬ್ ಇನ್ಸ್‌ಪೆಕ್ಟರ್ ಮೇಷ್ಟ್ರನ್ನು ಕೇಳಿದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ‘ಎರಡು ವರ್ಷದ ಹಿಂದೆ ಗಡಿಯಾರ ಕದ್ದು ಓಡುವಾಗ ಬಾಗಿಲ ಹತ್ತಿರ ನಿಂತುಬಿಟ್ಟ. ಹುಡುಗರೇ ಕೈ ಹಿಡಿದು ಆಚೆ ಕಳಿಸಿದರು. ಆಮೇಲೆ ನಾನು ಪಾಠ ಬದಲಾಯಿಸಿದೆ. ಅವನಿಗೆ ಬೇಜಾರಾಗಬಾರದು ಅಂತ ಏನೂ ಹೇಳಲಿಲ್ಲ.’

ಆರೋಪಿ ಮೇಷ್ಟ್ರನ್ನೇ ನೋಡಿದ. ಕೇಸಿನ ಮಾತಿಗೆ ಒಣಗಿದ್ದ ಮುಖ ಈಗ ಕೆಂಪಾಗಿತ್ತು.

‘ಹಾರ್ತೀನಿ’ ಎಂದ.

‘ರೀ!’

‘ಹಾರಿ ತೋರಿಸ್ತೀನಿ ಸಾರ್. ಎಲ್ಲಿದೆ ಬೇಲಿ?’

ಠಾಣೆಯ ಹಿತ್ತಲಲ್ಲಿ, ಜಪ್ತಿಯಾದ ಸ್ಕೂಟರುಗಳ ಸಾಲಿನ ಪಕ್ಕ ಅಷ್ಟೇ ಎತ್ತರದ ಒಂದು ಗೋಡೆಯಿತ್ತು. ‘ಘಟನೆಯ ಮರುಸೃಷ್ಟಿ! ಒಳ್ಳೆಯ ಸಾಂದರ್ಭಿಕ ಸಾಕ್ಷ್ಯ ಆಗುತ್ತೆ’ ಎಂದು ಮೇಷ್ಟ್ರು ಎಲ್ಲರಿಗಿಂತ ಮೊದಲು ಹೊರಟರು. ಪೇದೆ ಬಂದ, ರೈಟರು ಹಾಳೆ ಸಮೇತ ಬಂದ, ಪಕ್ಕದ ಕಟ್ಟಡದ ಮಹಡಿಯಿಂದ ಇಬ್ಬರು ಇಣುಕಿದರು. ಆರೋಪಿ ಚಪ್ಪಲಿ ಬಿಟ್ಟ, ಪ್ಯಾಂಟಿನ ಅಂಚನ್ನು ಮಡಚಿದ. ನೋಡುವವರನ್ನು ಕಂಡು ಬೆನ್ನು ನೆಟ್ಟಗಾಯಿತು.

ಅವನ ಹೆಂಡತಿ ಗೋಡೆಗೂ ಅವನಿಗೂ ನಡುವೆ ಬಂದು ನಿಂತಳು. ‘ತಲೆ ಕೆಟ್ಟಿದೆಯಾ ನಿಮಗೆ? ಹಾರಿದ್ರೆ ಜೈಲು! ತಿಳೀತಾ? ಹಾರಿದ್ರೆ ನೀವೇ ಕಳ್ಳ ಅಂತ ಆಗುತ್ತೆ!’

‘ಸರಿ ಕಣೆ. ಆದ್ರೆ ಹಾರಕ್ಕಾಗಲ್ಲ ಅಂತ ಇವರೆಲ್ಲ ಅಂದ್ಕೊಂಡ್ರೆ?’

‘ಅಂದ್ಕೊಳ್ಳಲಿ!’

ಅವನಿಗೆ ಅದು ಕೇಳಿಸಲಿಲ್ಲ. ಅವಳನ್ನು ಮೆಲ್ಲಗೆ ಬದಿಗೆ ಸರಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿದ. ಓಡಿದ ಎಂದು ಬರೆಯುವುದು ಲೇಖಕನ ಔದಾರ್ಯ. ಮೂರನೆಯ ಹೆಜ್ಜೆಗೆ ಬಲಮಂಡಿ ಒಂದು ಕಡೆಗೆ ಹೋಯಿತು, ಅವನು ಇನ್ನೊಂದು ಕಡೆಗೆ ಹೋದ. ಗೋಡೆಯನ್ನು ಮುಟ್ಟಿದ್ದು ಹಣೆಯಲ್ಲ, ಪುಣ್ಯಕ್ಕೆ, ಅಂಗೈ ಮಾತ್ರ. ಅಲ್ಲೇ ಜಾರಿ ಕುಳಿತ. ಏಳಲು ಹೋದ. ಆಗಲಿಲ್ಲ. ಪೇದೆಯೂ ಸಬ್ ಇನ್ಸ್‌ಪೆಕ್ಟರೂ ಆಚೆ ಈಚೆ ಹಿಡಿದು ಎತ್ತಿದರು. ಯಾರೂ ನಗಲಿಲ್ಲ, ನಕ್ಕಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಒಳಗೆ ಕೂರಿಸಿ ನೀರು ಕೊಟ್ಟರು. ಸಬ್ ಇನ್ಸ್‌ಪೆಕ್ಟರ್ ದರೋಡೆಯ ಹಾಳೆಯನ್ನು ನಾಲ್ಕಾಗಿ ಮಡಚಿ ಬದಿಗಿಟ್ಟರು. ಗಡ್ಡದ ಆರಡಿ ಆಳನ್ನು ಅವರಿನ್ನೂ ಮನಸ್ಸಿನಿಂದ ಕೆಳಗಿಳಿಸಿರಲಿಲ್ಲ, ಆದರೆ ಈ ಮಂಡಿಯನ್ನು ಅಲ್ಲಗಳೆಯುವಂತಿರಲಿಲ್ಲ. ‘ಒಂದು ಹೇಳಿಕೆ ಬರೆದು ಸಹಿ ಹಾಕಿಸ್ಕೊಂಡು ಕಳಿಸಿ’ ಎಂದರು. ರೈಟರು ತನ್ನ ಅತ್ಯುತ್ತಮ ಶೈಲಿಯಲ್ಲಿ ಬರೆದು ಓದಿದ: ‘ಸದರಿ ವ್ಯಕ್ತಿಯು ಮಂಡಿ ದೋಷದ ನಿಮಿತ್ತ ಓಡಲು, ಹಾರಲು ಹಾಗೂ ಕಳ್ಳತನ ಮಾಡಲು ಸಂಪೂರ್ಣ ಅಸಮರ್ಥನಾಗಿರುತ್ತಾನೆ.’

ಆರೋಪಿ ಪೆನ್ನು ಹಿಡಿದ ಕೈ ನಿಲ್ಲಿಸಿದ.

‘ಓಡೋದು ಹಾರೋದು ಇರಲಿ ಸಾರ್. ಕಳ್ಳತನ ತೆಗೀರಿ.’

‘ಯಾಕಯ್ಯ?’

‘ಕಳ್ಳತನಕ್ಕೆ ಕಾಲು ಬೇಕು ಅಂತ ಎಲ್ಲಿದೆ ಸಾರ್? ಕೂತಲ್ಲೇ ಒಂದಂಗುಲ ಸರಿಸಿದ್ರೂ ಸಾಕು. ನಾನು ಈಗಲೂ...’

ಸಬ್ ಇನ್ಸ್‌ಪೆಕ್ಟರ್ ಮಡಚಿಟ್ಟ ಹಾಳೆಯ ಕಡೆ ಕೈ ಚಾಚಿದರು. ಮೇಷ್ಟ್ರು, ‘ಕಾನೂನಿನ ಪ್ರಕಾರ ಅವನು ಹೇಳ್ತಿರೋದು ಸರಿ’ ಎಂದು ಶುರುಮಾಡಿದವರು ಅವಳ ನೋಟಕ್ಕೆ ಅರ್ಧದಲ್ಲೇ ನಿಂತರು. ಅವಳು ಗಂಡನ ಬಾಯಿಯ ಮೇಲೆ ಕೈಯಿಟ್ಟಿದ್ದಳು. ಗುಂಡಿ ಹೊಲಿದು ಹೊಲಿದು ತುದಿಯೆಲ್ಲ ಚುಚ್ಚಿಹೋದ ಒರಟು ಬೆರಳುಗಳು.

‘ರೀ’ ಎಂದಳು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ. ಆದರೆ ಆ ಕೋಣೆ ಚಿಕ್ಕದು, ಎಲ್ಲರಿಗೂ ಕೇಳಿಸಿತು. ‘ಇಪ್ಪತ್ತೆರಡು ವರ್ಷ ಇವರು ಹೇಳಿದ ಹೊತ್ತಿಗೆಲ್ಲ ಕಳ್ಳ ಆದ್ರಿ. ಇವತ್ತೊಂದು ಸಲ, ನಾನು ಹೇಳ್ತೀನಿ ಅಂತ, ಸಾಚಾ ಆಗಿ.’

‘ಅಸಮರ್ಥ’ ಎನ್ನುವ ಪದದ ಮೇಲೆ ಬೆರಳಿಟ್ಟು, ಅದೇನಾದರೂ ತಾನಾಗಿ ಸರಿಯುತ್ತದೆಯೇ ಎಂದು ಅವನು ನೋಡಿದ. ಆಮೇಲೆ ಸಹಿ ಹಾಕಿದ. ಹಾಕಿ, ಹಾಳೆಯನ್ನು ರೈಟರ ಕಡೆ ತಿರುಗಿಸಿದ.

‘ದಿನಾಂಕ ಹಾಕಿಲ್ಲ ನೋಡಿ’ ಎಂದ. ‘ದಿನಾಂಕ ಇಲ್ಲದ ಹೇಳಿಕೆ ನಿಲ್ಲಲ್ಲ.’

ರೈಟರು ದಿನಾಂಕ ಹಾಕಿದ. ಅವನು ಕತ್ತರಿ, ಹಗ್ಗ, ಕೈಗವಸುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡು ಹೆಂಡತಿಯ ಜೊತೆ ಹೊರಟ. ಠಾಣೆಯ ಬಾಗಿಲಿಗೆ ಮೂರು ಮೆಟ್ಟಿಲು. ಮೊದಲ ಎರಡನ್ನು ಅವಳ ಹೆಗಲು ಹಿಡಿದು ಇಳಿದ. ಮೂರನೆಯದರಲ್ಲಿ, ಗೇಟಿನ ಪೇದೆ ಇತ್ತಲೇ ನೋಡುತ್ತಿರುವುದು ಕಂಡು ಕೈ ತೆಗೆದ, ಒಬ್ಬನೇ ಇಳಿದ. ಅವಳು ಕಾಣದವಳಂತೆ ಆಟೋ ಕರೆದಳು.